ಪರದೆ ಇಲ್ಲಿ, ಪುಸ್ತಕ ಅಲ್ಲಿ: ನಮ್ಮ ಪಹಣಿ ಊರು ಬಿಟ್ಟ ಕತೆ

‘ಸರ್ವರ್ ಇಲ್ಲ ಕಣಣ್ಣ, ಮಧ್ಯಾಹ್ನದ ಮೇಲೆ ಬಾ.’

ಬೆಳಕವಾಡಿ ಸುತ್ತಮುತ್ತಲಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ತಂಡದ ಇಬ್ಬರು ಒಂದು ನಾಡಕಚೇರಿಯ ಜಗಲಿ ಮೇಲೆ ಹೀಗೇ ಕಾಯುತ್ತಾ ಕೂತಿದ್ದೆವು. ಸಾಲಿನಲ್ಲಿದ್ದ ಹಿರಿಯರೊಬ್ಬರು ಸುಮ್ಮನಿರಲಾರದೆ ಕೇಳಿದರು: ‘ಕಂಪ್ಯೂಟ್ರು ಇಲ್ಲೇ ಅದೆ, ಕರೆಂಟೂ ಅದೆ, ಹುಡ್ಗನೂ ಕುಂತವ್ನೆ. ಇನ್ನು ಇಲ್ದೆ ಇರೋದು ಏನಪ್ಪಾ?’

ನಾವು ಪತ್ರಿಕೋದ್ಯಮ ಓದಿದವರು. ಉತ್ತರ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ, ತಿಳಿದುಕೊಂಡು ಬರೆದದ್ದು ಇದು. ಚಿಕ್ಕ ಉತ್ತರ ಬೇಕಾದರೆ: ಅಲ್ಲಿ ಇಲ್ಲದೇ ಇದ್ದದ್ದು ಪಹಣಿಯೇ. ಮೇಜಿನ ಮೇಲಿದ್ದದ್ದು ಬರೀ ಕಿಟಕಿ. ಕಿಟಕಿಯಾಚೆಗಿನ ಪುಸ್ತಕ ಬೆಂಗಳೂರಿನಲ್ಲಿತ್ತು. ಅದು ಅಲ್ಲಿಗೆ ಹೋದದ್ದು ಹೇಗೆ ಅನ್ನುವುದು ಮಾತ್ರ ಸ್ವಲ್ಪ ಉದ್ದದ ಕತೆ.

ಒಂದು ಕಡೆ ಯಂತ್ರ ಓಡುವುದು, ಇನ್ನೊಂದು ಕಡೆ ಅದರ ಕೆಲಸ ಆಗುವುದು, ನಡುವೆ ಒಂದು ತಂತಿ. ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಮ್ಮ ಪಕ್ಕದ ಶಿವನಸಮುದ್ರದಲ್ಲಿ, ನಾವೆಲ್ಲ ಬ್ಲಫ್ ಅನ್ನುವ ಜಾಗದಲ್ಲಿ, 1902ರಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಜಗತ್ತಿನಲ್ಲೇ ದೊಡ್ಡ ಸುದ್ದಿ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನೀರು ಬೀಳುವುದು ಇಲ್ಲಿ, ಬೆಳಕು ಬೀಳುವುದು ಅಲ್ಲಿ. ನೂರು ವರ್ಷ ಕಳೆದ ಮೇಲೆ ಪಹಣಿಯ ವಿಷಯದಲ್ಲಿ ಇದೇ ತಿರುವುಮುರುವಾಯಿತು: ಯಂತ್ರ ಅಲ್ಲಿ, ಕಾಯುವವರು ಇಲ್ಲಿ.

ಮೊದಲು ಪುಸ್ತಕ ಊರಲ್ಲೇ ಇತ್ತು, ಶಾನುಭೋಗರ ಮನೆಯಲ್ಲಿ. ಅದು ವಂಶಪಾರಂಪರ್ಯದ ಕೆಲಸ. ಯಾರ ಜಮೀನು ಎಷ್ಟು, ಯಾವ ಬೆಳೆ, ಎಷ್ಟು ಕಂದಾಯ ಎಲ್ಲವೂ ಅವರ ಕೈಬರಹದಲ್ಲಿ. ಅವರ ಮನೆ ಬಾಗಿಲು ತೆಗೆದಿದ್ದರೆ ನಿಮ್ಮ ಜಮೀನಿನ ದಾಖಲೆ ಇದೆ, ಇಲ್ಲದಿದ್ದರೆ ಇಲ್ಲ. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು, 1963ರ ಫೆಬ್ರುವರಿಯಿಂದ ಜಾರಿಯಾಗಿ ಆ ಪದ್ಧತಿ ಮುಗಿಯಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂ ಕಂದಾಯ ಕಾಯ್ದೆಯಡಿ ನಮಗೆಲ್ಲ ಗೊತ್ತಿರುವ ಆರ್‌ಟಿಸಿ ನೆಲೆಯೂರಿತು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ಹೇಳುವ ಪಹಣಿ ಅದು.

ಗ್ರಾಮಲೆಕ್ಕಿಗರು ಬಂದರೂ ಪುಸ್ತಕ ಒಬ್ಬರ ಬೀರುವಿನಲ್ಲೇ ಉಳಿಯಿತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರ್ನಾಲ್ಕು ಹಳ್ಳಿ. ಸಾಲಕ್ಕೆ ಪಹಣಿ ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕು. ಸಿಕ್ಕರೆ ಅವರು ಬರೆದುಕೊಡಬೇಕು. ‘ಬರೆದುಕೊಡುವುದು’ ಅಂದರೆ ಏನೆಂದು ನಮ್ಮ ಅಪ್ಪಂದಿರನ್ನು ಕೇಳಿ, ನಗುತ್ತಾರೆ. ಕೈ ಬಿಸಿ ಮಾಡದೆ ಪೆನ್ನು ಓಡುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಒಂದೇ ಪ್ರತಿ, ಒಂದೇ ಕೈ. ಒಂದು ಗೆರೆ ತಿದ್ದಿದರೆ ಯಾರಿಗೂ ಕಾಣುವುದಿಲ್ಲ. ಹಾಗಂತ ಎಲ್ಲ ಲೆಕ್ಕಿಗರೂ ಹಾಗೇ ಅಂತ ನಾವು ಹೇಳುತ್ತಿಲ್ಲ. ಒಳ್ಳೆಯವರು ಸಿಕ್ಕಿದ್ದು ಅದೃಷ್ಟ ಅನ್ನುವ ಸ್ಥಿತಿ ಇತ್ತು ಅಂತಷ್ಟೇ.

ಭೂಮಿ ಯೋಜನೆ ಬಂದದ್ದು ಇದರ ಮೇಲೆ. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮದೇ ಜಿಲ್ಲೆಯ, ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಕಂದಾಯ ಇಲಾಖೆಯಲ್ಲಿ ಅದನ್ನು ಹಟ ಹಿಡಿದು ಮುಗಿಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದರು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳಿದ್ದವು. 15 ರೂಪಾಯಿ ಕೊಟ್ಟರೆ ಪಹಣಿ. ಕೇಂದ್ರ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆದೇಶವೂ ಆಯಿತು. ನಮಗೆ ಮೆಚ್ಚುಗೆಯಾಗುವುದು ಇನ್ನೊಂದು ಸಣ್ಣ ಸಂಗತಿ: ಕೌಂಟರಿನಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು. ಒಳಗೆ ಕೂತವರು ಏನು ಮಾಡುತ್ತಿದ್ದಾರೆ ಅನ್ನುವುದು ಹೊರಗೆ ನಿಂತವರಿಗೂ ಕಾಣಲಿ ಅಂತ. ಲಾಗಿನ್ ಆಗಲು ಬೆರಳಚ್ಚು ಬೇಕು. ಯಾರು ತಿದ್ದಿದರು ಅನ್ನುವುದು ದಾಖಲಾಗುತ್ತದೆ.

ಆಗ ಕಂಪ್ಯೂಟರ್ ಇದ್ದದ್ದು ಎಲ್ಲಿ ಅನ್ನುವುದನ್ನು ಗಮನಿಸಿ. ತಾಲ್ಲೂಕು ಕಚೇರಿಯಲ್ಲೇ. ಮಳವಳ್ಳಿಯ ಪಹಣಿ ಮಳವಳ್ಳಿಯ ಸರ್ವರಿನಲ್ಲಿ, ಮದ್ದೂರಿನದು ಮದ್ದೂರಿನಲ್ಲಿ. ಕೌಂಟರಿನ ಕಂಪ್ಯೂಟರಿನಲ್ಲಿ ವಿಷುಯಲ್ ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಂ, ಅದೇ ಕಟ್ಟಡದ ಸರ್ವರಿನಲ್ಲಿ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್. ನಡುವೆ ಕೆಲವೇ ಅಡಿ ವೈರು. ಪುಸ್ತಕ ಊರಿಂದ ತಾಲ್ಲೂಕಿಗೆ ಹೋಗಿತ್ತು, ಅಷ್ಟೇ. ಬಸ್ಸು ಹತ್ತಿದರೆ ಸಿಗುತ್ತಿತ್ತು.

ಆದರೆ ಬಸ್ಸು ಹತ್ತಬೇಕಿತ್ತಲ್ಲ? ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ತಾಲ್ಲೂಕಿನಲ್ಲಿ ಸಾಲು ನಿಂತು. ಹೋಬಳಿಯಲ್ಲೇ ಕೊಡಬಹುದಲ್ಲ ಅನ್ನುವ ಮಾತು ಸಹಜವಾಗಿ ಬಂತು. ಕಷ್ಟ ಶುರುವಾದದ್ದೇ ಅಲ್ಲಿ. ಕೆಲವು ಅಡಿ ವೈರಿಗೆಂದು ಮಾಡಿದ ಪ್ರೋಗ್ರಾಮನ್ನು ಹತ್ತಾರು ಮೈಲಿಯ ತೆಳ್ಳನೆಯ ಲೈನಿನ ಮೇಲೆ ಓಡಿಸುವುದು ಹೇಗೆ?

ಇದು ನಮ್ಮೊಬ್ಬರ ತಲೆನೋವಲ್ಲ. ಡೇಟಾಬೇಸ್ ಇಟ್ಟುಕೊಂಡವರೆಲ್ಲ ಇದನ್ನು ಅನುಭವಿಸಿದ್ದಾರೆ. 1980ರ ದಶಕದಲ್ಲಿ ಡಿಬೇಸ್, ಆಮೇಲೆ ಫಾಕ್ಸ್‌ಪ್ರೊ ಅನ್ನುವ ಸಾಫ್ಟ್‌ವೇರುಗಳಿದ್ದವು. ನಮ್ಮ ಸೊಸೈಟಿ, ಆಫೀಸು, ಕಾರ್ಖಾನೆಗಳಲ್ಲಿ ಮೊದಲ ಕಂಪ್ಯೂಟರ್ ನೋಡಿದವರಿಗೆ ಆ ಹೆಸರು ನೆನಪಿರಬಹುದು. ಅವುಗಳಲ್ಲಿ ಮಾಹಿತಿ ಒಂದು ಫೈಲು. ಬೇರೆ ಕಂಪ್ಯೂಟರಿನಿಂದ ಒಂದು ಹೆಸರು ಹುಡುಕಬೇಕೆಂದರೆ ಆ ಫೈಲಿನ ಎಷ್ಟೋ ಭಾಗ ವೈರಿನಲ್ಲಿ ಹರಿದು ಬರಬೇಕು. ಒಂದು ಪುಟ ಓದಲು ಇಡೀ ಕಡತದ ಗಂಟನ್ನು ಮನೆಗೆ ಹೊತ್ತು ತಂದ ಹಾಗೆ. ದಾರಿಯಲ್ಲಿ ಲೈನ್ ಕಡಿದರೆ ಫೈಲೇ ಕೆಡುವುದೂ ಇತ್ತು.

ಮುಂದೆ ಬಂದ ಎಸ್‌ಕ್ಯೂಎಲ್ ಸರ್ವರಿನಂಥವು ಜಾಣತನ ಕಲಿತವು. ಅಲ್ಲಿ ಗುಮಾಸ್ತನೊಬ್ಬ ಕೂತಿರುತ್ತಾನೆ ಅಂದುಕೊಳ್ಳಿ. ‘ಸರ್ವೆ ನಂಬರ್ ಇಷ್ಟು’ ಅಂದರೆ ಅವನೇ ಹುಡುಕಿ ಒಂದು ಪುಟ ಮಾತ್ರ ಕೊಡುತ್ತಾನೆ. ಆದರೆ ಪ್ರೋಗ್ರಾಂ ಬರೆದವರು ಗುಮಾಸ್ತ ಪಕ್ಕದ ಕೋಣೆಯಲ್ಲೇ ಇದ್ದಾನೆಂದು ನಂಬಿ ನೂರಾರು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾರೆ. ಹೆಸರೇನು, ತಂದೆ ಹೆಸರೇನು, ಹಿಸ್ಸಾ ಎಷ್ಟು, ಸಾಲ ಇದೆಯಾ. ಪಕ್ಕದ ಕೋಣೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಈಗ ನಡುವೆ ಉಪಗ್ರಹ ಇಡಿ. ಹಳ್ಳಿಗಾಡಿಗೆ ಲೈನ್ ಇಲ್ಲದ ಕಡೆ ವಿ-ಸ್ಯಾಟ್ ಅನ್ನುವ ಡಿಶ್ ಹಾಕುತ್ತಿದ್ದರು. ರಾಜ್ಯದ ಖಜಾನೆ ಯೋಜನೆಯಲ್ಲಿ 2002ರ ಹೊತ್ತಿಗೇ 200ಕ್ಕೂ ಹೆಚ್ಚು ಖಜಾನೆ ಕಚೇರಿಗಳನ್ನು ಬೆಂಗಳೂರಿನ ಒಂದೇ ಕೇಂದ್ರಕ್ಕೆ ಹೀಗೆ ಕಟ್ಟಲು ಹೊರಟಿದ್ದರು. ಆ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಪ್ರಶ್ನೆ ಹತ್ತಿ ಇಳಿದು, ಉತ್ತರ ಹತ್ತಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡು. ಬೆಳಕಿನ ವೇಗವೇ ಅಷ್ಟು, ಅದನ್ನು ಯಾವ ಮಂತ್ರಿಯೂ ಹೆಚ್ಚಿಸಲಾರ. ನೂರು ಪ್ರಶ್ನೆಗೆ 50 ಸೆಕೆಂಡು. ಒಂದು ಪಹಣಿಗೆ ಒಂದು ನಿಮಿಷ ಬರೀ ಕಾಯುವುದರಲ್ಲೇ ಹೋಯಿತು. ಹಿಂದೆ ಸಾಲಿನಲ್ಲಿ ನಲವತ್ತು ಜನ.

ಇದಕ್ಕೆ ಜಗತ್ತು ಕಂಡುಕೊಂಡ ಒಂದು ಉಪಾಯವೇ ರಿಮೋಟ್ ಡೆಸ್ಕ್‌ಟಾಪ್. ಪ್ರೋಗ್ರಾಮನ್ನು ನಮ್ಮ ಹತ್ತಿರ ಓಡಿಸಲೇಬೇಡ, ಗುಮಾಸ್ತನ ಪಕ್ಕದಲ್ಲೇ ಓಡಿಸು. ನೂರು ಪ್ರಶ್ನೆ ಅಲ್ಲೇ, ಆ ಕೋಣೆಯೊಳಗೇ ಮುಗಿಯಲಿ. ನಮಗೆ ಪರದೆಯ ಚಿತ್ರ ಮಾತ್ರ ಕಳಿಸು. ನಾವು ಒತ್ತಿದ ಕೀಲಿ, ಅಲ್ಲಾಡಿಸಿದ ಮೌಸು ಅಲ್ಲಿಗೆ ಹೋಗಲಿ. ತಂತಿಯಲ್ಲಿ ಹರಿಯುವುದು ಇಷ್ಟೇ. ಆಗ ನಮ್ಮ ಮೇಜಿನ ಯಂತ್ರಕ್ಕೆ ಬುದ್ಧಿ ಬೇಡ, ಕಣ್ಣು ಕೈ ಇದ್ದರೆ ಸಾಕು. ಇಂಥ ಬಡಕಲು ಯಂತ್ರಕ್ಕೇ ಥಿನ್ ಕ್ಲೈಂಟ್ ಅನ್ನುವುದು. ಕನ್ನಡದ ಫಾಂಟು ಕೂಡ ಸರ್ವರಿನಲ್ಲಿ ಒಂದು ಕಡೆ ಹಾಕಿದರೆ ಸಾಕು, ಪ್ರತಿ ಕಚೇರಿಯಲ್ಲೂ ಹಾಕುತ್ತಾ ಕೂರಬೇಕಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುಂಚೆ, ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಕಲಸುಮೇಲೋಗರವಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಲಾಭವಲ್ಲ.

ಉಪಾಯ ಹೊಸದಾ ಅಂದರೆ, ಅಲ್ಲ. 1960ರ ದಶಕದಲ್ಲೇ ಒಂದು ದೊಡ್ಡ ಕಂಪ್ಯೂಟರಿಗೆ ಹತ್ತಾರು ಟರ್ಮಿನಲ್ ಕಟ್ಟಿ ಎಲ್ಲರೂ ಹಂಚಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಬಂದ ನಮ್ಮ ರೈಲ್ವೆ ರಿಸರ್ವೇಶನ್ ಕೌಂಟರುಗಳೂ ಹಾಗೇ. ಕ್ಲರ್ಕಿನ ಮುಂದಿನ ಹಸಿರಕ್ಷರದ ಪರದೆಗೆ ಸ್ವಂತ ಬುದ್ಧಿ ಇರಲಿಲ್ಲ. ಲೆಕ್ಕವೆಲ್ಲ ದೂರದ ಯಂತ್ರದ್ದು. ನಡುವೆ ಪಿಸಿ ಬಂದು ಎಲ್ಲರ ಮೇಜಿಗೂ ಬುದ್ಧಿ ಹಂಚಿತು. ಆಮೇಲೆ ಅಷ್ಟೂ ಮೇಜುಗಳ ಬುದ್ಧಿಯನ್ನು ರಿಪೇರಿ ಮಾಡುವ ಖರ್ಚು ನೋಡಿ ಕಂಪನಿಗಳು ಹಿಂದಕ್ಕೆ ತಿರುಗಿದವು. ಅಮೆರಿಕದಲ್ಲಿ ಐಬಿಎಂ ಬಿಟ್ಟು ಬಂದ ಎಡ್ ಇಯಾಕೊಬುಚಿ 1989ರಲ್ಲಿ ಸಿಟ್ರಿಕ್ಸ್ ಕಟ್ಟಿದರು. 1995ರಲ್ಲಿ ಅವರ ವಿನ್‌ಫ್ರೇಮ್ ಒಂದೇ ವಿಂಡೋಸ್ ಯಂತ್ರದಲ್ಲಿ ಹಲವರನ್ನು ಕೂರಿಸಿತು. ಮೈಕ್ರೋಸಾಫ್ಟ್ 1997ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡು, 1998ರಲ್ಲಿ ತನ್ನದೇ ಟರ್ಮಿನಲ್ ಸರ್ವರ್ ತಂದಿತು. 2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೆ ‘ರಿಮೋಟ್ ಡೆಸ್ಕ್‌ಟಾಪ್’ ಅನ್ನುವುದು ಮೆನುವಿನಲ್ಲೇ ಸಿಗುತ್ತಿತ್ತು. ಅಂದರೆ ನಮ್ಮ ಪಹಣಿ ಕಂಪ್ಯೂಟರ್ ಏರಿದ್ದೂ ಈ ಉಪಾಯ ಎಲ್ಲರ ಕೈಗೆ ಸಿಕ್ಕಿದ್ದೂ ಸರಿಸುಮಾರು ಒಂದೇ ಹೊತ್ತಿನಲ್ಲಿ.

ಇನ್ನೊಂದು ದಾರಿಯೂ ಇತ್ತು. ಪ್ರೋಗ್ರಾಮನ್ನೇ ಹೊಸದಾಗಿ ವೆಬ್ ಪುಟದಂತೆ ಬರೆಯುವುದು, ಆಗ ಬ್ರೌಸರೇ ಥಿನ್ ಕ್ಲೈಂಟು. ಇಂದು ಕಚೇರಿ, ಬ್ಯಾಂಕು, ಕಂಪನಿಗಳಲ್ಲಿ ಈ ಎರಡೂ ದಾರಿ ಬಳಕೆಯಲ್ಲಿವೆ. ಜಗಲಿ ಮೇಲೆ ಕೂತು ಕಾಯುವವರ ಲೆಕ್ಕದಲ್ಲಿ ಎರಡೂ ಒಂದೇ. ಪುಸ್ತಕವೂ ದೂರ, ಗುಮಾಸ್ತನೂ ದೂರ, ಪರದೆ ಮಾತ್ರ ಇಲ್ಲಿ.

2006ರಲ್ಲಿ ನೆಮ್ಮದಿ ಕೇಂದ್ರಗಳು ಬಂದವು. ಹೋಬಳಿ ಮಟ್ಟದಲ್ಲಿ ಸುಮಾರು 800, ಖಾಸಗಿಯವರ ಜೊತೆ ಸೇರಿ ನಡೆಸಿದ್ದು. ತಾಲ್ಲೂಕುಗಳ ಪಹಣಿ ಮಾಹಿತಿ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಗಿ ಸೇರಿ, ಅಲ್ಲಿಂದ ಹೋಬಳಿಗೆ ಬರತೊಡಗಿತು. 2012ರ ಕೊನೆಗೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಅಂತಾಗಿ, ಕೆಲಸ ನಾಡಕಚೇರಿಗೇ ಮರಳಿತು. ಜಾತಿ, ಆದಾಯ, ಪಿಂಚಣಿ ಎಲ್ಲ ಅದೇ ಕಿಟಕಿಯಲ್ಲಿ. ಪುಸ್ತಕ ಬೆಂಗಳೂರಿಗೆ ಹೋದದ್ದರಿಂದಲೇ ಪಹಣಿ ಹೋಬಳಿಗೆ ಬಂತು ಅನ್ನುವುದು ವಿಚಿತ್ರ, ಆದರೆ ನಿಜ. ದೂರ ಹೋದದ್ದೇ ಹತ್ತಿರವಾಯಿತು. ಈಗ ಅದು ಫೋನಿನಲ್ಲೂ ಸಿಗುತ್ತದೆ. ಈ ಬರಹ ಓದುತ್ತಿರುವ ನಿಮ್ಮ ಫೋನೂ ಆ ಹೊತ್ತಿಗೆ ಒಂದು ಥಿನ್ ಕ್ಲೈಂಟೇ.

ಇನ್ನು ‘ಸರ್ವರ್ ಇಲ್ಲ’ ಅನ್ನುವ ಮಾತಿಗೆ ಬರೋಣ. ಹತ್ತರಲ್ಲಿ ಎಷ್ಟೋ ಸಲ ಸರ್ವರ್ ಇದ್ದೇ ಇರುತ್ತದೆ, ಲೈನ್ ಇರುವುದಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೆ ಇಡೀ ಹೋಬಳಿಯ ಜಮೀನು ಅರ್ಧ ದಿನ ಮಾಯ. ಕೆಲವು ಸಲ ಲೈನೂ ಇರುತ್ತದೆ, ರಾಜ್ಯದವರೆಲ್ಲ ಒಂದೇ ಬಾಗಿಲಿಗೆ ನುಗ್ಗಿರುತ್ತಾರೆ. ಬೆಳೆ ಪರಿಹಾರದ ಕೊನೇ ದಿನ, ಶಾಲೆ ಸೇರುವ ಜೂನ್ ತಿಂಗಳು ನೆನಪು ಮಾಡಿಕೊಳ್ಳಿ. ಹಿಂದೆ ಮಳವಳ್ಳಿಯ ಯಂತ್ರ ಕೆಟ್ಟರೆ ಮಳವಳ್ಳಿ ಮಾತ್ರ ಕಾಯುತ್ತಿತ್ತು. ಈಗ ಅಲ್ಲೊಂದು ಯಂತ್ರ ಮುಗ್ಗರಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಜಗಲಿ ಮೇಲೆ.

ಪ್ರಿಂಟರಿನದು ಬೇರೆಯೇ ರಗಳೆ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಪ್ರೋಗ್ರಾಂ ಓಡುವುದು ಅಲ್ಲಿ, ಕಾಗದ ಬರಬೇಕಾದದ್ದು ಇಲ್ಲಿ. ಮುದ್ರಿಸು ಅಂದರೆ ಅಲ್ಲಿನ ಯಂತ್ರ ಇಲ್ಲಿನ ಪ್ರಿಂಟರನ್ನು ಗುರುತು ಹಿಡಿಯಬೇಕು. ಗುರುತು ಸಿಗದಿದ್ದರೆ ಪರದೆ ಮೇಲೆ ಪಹಣಿ ಕಾಣುತ್ತದೆ, ಕೈಗೆ ಬರುವುದಿಲ್ಲ. ಬೆರಳಚ್ಚಿನ ಯಂತ್ರಕ್ಕೂ ಇದೇ ಪಾಡು. ಇನ್ನೊಂದಿದೆ. ಕೆಲಸದ ನಡುವೆ ಲೈನ್ ಕಡಿದರೆ ದೂರದ ಯಂತ್ರಕ್ಕೆ ಅದು ತಕ್ಷಣ ತಿಳಿಯುವುದಿಲ್ಲ. ನೀವು ಇನ್ನೂ ಅಲ್ಲೇ ಕೂತಿದ್ದೀರಿ ಅಂದುಕೊಂಡು ದಾಖಲೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಮತ್ತೆ ಲಾಗಿನ್ ಆದರೆ ‘ಬೇರೆಯವರು ಬಳಸುತ್ತಿದ್ದಾರೆ’ ಅನ್ನುತ್ತದೆ. ಆ ಬೇರೆಯವರು ನೀವೇ, ಹತ್ತು ನಿಮಿಷದ ಹಿಂದಿನ ನೀವು! ಕೌಂಟರಿನ ಹುಡುಗ ಇದನ್ನು ಬಿಡಿಸಿ ಹೇಳುವಷ್ಟು ಹೊತ್ತಿಲ್ಲದೆ ‘ಸರ್ವರ್ ಇಲ್ಲ’ ಅನ್ನುತ್ತಾನೆ. ಅವನ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ ಅನ್ನುವುದು ನಮಗೆ ಈಗ ಗೊತ್ತಾಗಿದೆ. ಆವತ್ತು ರೇಗಿದ್ದೆವು.

ಆದರೆ ನಮಗೆ ನಿಜಕ್ಕೂ ಚಿಂತೆಯ ವಿಷಯ ಕಾಯುವುದಲ್ಲ, ತಿದ್ದುವುದು. ಓದುವುದು ಹತ್ತಿರ ಬಂದಷ್ಟೂ ತಿದ್ದುವುದು ದೂರ ಹೋಯಿತು. ನಮ್ಮ ತಂಡದ ಒಬ್ಬರ ಅಜ್ಜನ ಹೆಸರಿನಲ್ಲಿ ‘ಮರಿ’ ಇದ್ದದ್ದು, ಕೈಬರಹದಿಂದ ಕಂಪ್ಯೂಟರಿಗೆ ಏರುವಾಗ ‘ಮಾರಿ’ ಆಯಿತು. ಒಂದು ದೀರ್ಘ, ಅಷ್ಟೇ. ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆಗೆ ಹೋದಾಗ ಮರಣ ಪತ್ರದ ಮರಿಯೂ ಪಹಣಿಯ ಮಾರಿಯೂ ಒಬ್ಬರೇ ಅಂತ ಸಾಬೀತು ಮಾಡುವುದರಲ್ಲಿ ಎರಡು ಬೇಸಿಗೆ ಕಳೆದವು. ಶಾನುಭೋಗರ ಕಾಲದಲ್ಲಿ ಇದು ಒಂದು ನಿಮಿಷದ ಕೆಲಸ. ಅವರಿಗೆ ಅಜ್ಜನೂ ಗೊತ್ತು, ಅಜ್ಜನ ಅಪ್ಪನೂ ಗೊತ್ತು. ಹೌದು, ಅದೇ ಒಂದು ನಿಮಿಷದಲ್ಲಿ ಜಮೀನನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಡಲೂ ಆಗುತ್ತಿತ್ತು. ಈಗ ತಿದ್ದುಪಡಿಗೆ ಅರ್ಜಿ, ನೋಟಿಸು, ತಕರಾರಿಗೆ ಕಾಲಾವಕಾಶ, ಅಧಿಕಾರಿಯ ಬೆರಳಚ್ಚು. ಕಳ್ಳನಿಗೆ ಹಾಕಿದ ಬೀಗ ಮನೆಯವರಿಗೂ ತೆರೆಯುತ್ತಿಲ್ಲ.

ಬೆಂಗಳೂರಿನಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಇದಕ್ಕಿಂತ ಖಾರವಾದ ಮಾತು ಬರೆದಿದ್ದರು. ದಾಖಲೆ ಒಂದೆಡೆ ಸೇರಿದಾಗ ಅದನ್ನು ಚೆನ್ನಾಗಿ ಬಳಸಿಕೊಳ್ಳುವವರು ಸಣ್ಣ ರೈತರಲ್ಲ, ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡವರು ಎಂಬುದು ಅವರ ವಾದದ ತಿರುಳು. ಊರಿನ ಲೆಕ್ಕಿಗರ ಕೈಯಿಂದ ಜಾರಿದ ಅಧಿಕಾರ ಮಾಯವಾಗಲಿಲ್ಲ, ಮೇಲಕ್ಕೆ ಹೋಯಿತು ಅಂತ. ಭೂಮಿಯನ್ನು ಹೊಗಳಿದವರೂ ಬಹಳ ಜನ, ದೇಶವಿದೇಶದಿಂದ ನೋಡಲು ಬಂದರು. ನಮಗೆ ಎರಡರಲ್ಲೂ ಸತ್ಯವಿದೆ ಅನ್ನಿಸುತ್ತದೆ. ನಮ್ಮ ಅಮ್ಮಂದಿರು ಯಾರ ಮನೆ ಬಾಗಿಲಲ್ಲೂ ನಿಲ್ಲದೆ ದುಡ್ಡು ಕೊಟ್ಟು ಪಹಣಿ ತಂದದ್ದನ್ನು ಕಣ್ಣಾರೆ ಕಂಡಿದ್ದೇವೆ. ಅದನ್ನು ಸಣ್ಣದು ಅನ್ನಲಾರೆವು.

ಇದು ಪಹಣಿಗೇ ನಿಲ್ಲುವುದಿಲ್ಲ. ನೋಂದಣಿ ಕಚೇರಿಯ ಕಾವೇರಿ ತಂತ್ರಾಂಶ 2023ರಲ್ಲಿ 2.0 ಆಯಿತು. ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿದ ಯೋಜನೆಯಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕ ಒಂದೇ ತಂತ್ರಾಂಶಕ್ಕೆ ಹೋಗುತ್ತಿದೆ. ನಮ್ಮೂರಿನ ಸೊಸೈಟಿ ಲೆಡ್ಜರೂ ಇನ್ನು ದೂರದ್ದೇ. ಖಾಸಗಿಯವರೂ ಹಿಂದೆ ಬಿದ್ದಿಲ್ಲ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಅದರ ಲೆಕ್ಕವನ್ನು ದೂರದ ಬಾಡಿಗೆ ಸರ್ವರಿನಲ್ಲಿಟ್ಟು, ರಿಮೋಟ್ ಡೆಸ್ಕ್‌ಟಾಪಿನಲ್ಲಿ ತೆರೆದು ನೋಡುವ ವ್ಯಾಪಾರಿಗಳಿದ್ದಾರೆ. ಬೆಲ್ಲದ ಮಂಡಿಯ ಯಜಮಾನರು ಅಂಗಡಿಯಲ್ಲೂ, ಅವರ ಆಡಿಟರ್ ತಮ್ಮ ಕಚೇರಿಯಲ್ಲೂ ಒಂದೇ ಪುಸ್ತಕ ಬರೆಯಬಹುದು. ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ. ಬಾಡಿಗೆ ಸರ್ವರ್ ಸರಿ ಇಲ್ಲದಿದ್ದರೆ ಅವರು ತಮ್ಮ ಲೆಕ್ಕದ ಪ್ರತಿ ಇಳಿಸಿಕೊಂಡು ಬೇರೆ ಕಡೆ ಹೋಗಬಹುದು. ಪಹಣಿಗೆ ಬೇರೆ ಅಂಗಡಿ ಇಲ್ಲ.

ಸರ್ಕಾರ 2024ರಲ್ಲಿ ಭೂ ಸುರಕ್ಷಾ ಅಂತ ಇನ್ನೊಂದು ಕೆಲಸ ಶುರು ಮಾಡಿದೆ. ತಾಲ್ಲೂಕು ಕಚೇರಿಯ ದಾಖಲೆ ಕೋಣೆಗಳಲ್ಲಿ ಗೆದ್ದಲಿಗೆ ಸಿಗದೆ ಉಳಿದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಏರಿಸುವುದು. ಅದಾದರೆ ನಮ್ಮ ಗೆಳೆಯರ ಅಜ್ಜ ಮರಿಯೋ ಮಾರಿಯೋ ಅನ್ನುವುದಕ್ಕೆ ಕೈಬರಹದ ಸಾಕ್ಷಿ ಪರದೆ ಮೇಲೇ ಸಿಗಬಹುದು. ನಿಮ್ಮ ಮನೆಯಲ್ಲಿ ಹಳೇ ಕೈಬರಹದ ಪಹಣಿ, ಪಟ್ಟೆ ಪುಸ್ತಕ, ಕಂದಾಯದ ರಸೀದಿ ಇದ್ದರೆ ಎಸೆಯಬೇಡಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಗಾಗ ಆನ್‌ಲೈನ್ ಪಹಣಿ ತೆರೆದು ಹೆಸರು, ತಂದೆ ಹೆಸರು, ವಿಸ್ತೀರ್ಣ ಸರಿಯಿದೆಯಾ ನೋಡಿ. ತಪ್ಪಿದ್ದರೆ ಹೆಸರಿನವರು ಬದುಕಿರುವಾಗಲೇ ಅರ್ಜಿ ಹಾಕುವುದು ಸುಲಭ.

ಆ ದಿನ ನಾಡಕಚೇರಿಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ ‘ಸರ್ವರ್’ ಬಂತು. ಹಿರಿಯರ ಸರದಿ ಬಂದಾಗ ಅವರು ಕೌಂಟರಿನ ಹುಡುಗನಿಗೆ ಪರದೆಯನ್ನು ತಮ್ಮ ಕಡೆ ಒಂಚೂರು ತಿರುಗಿಸು ಅಂದರು. ತಿರುಗಿಸಲಾಗದಂತೆ ವೈರು ಬಿಗಿದಿತ್ತು. ಎದ್ದು, ಕಿಟಕಿಯ ಸರಳಿಗೆ ಹಣೆ ಒತ್ತಿ, ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡರು. ಆಮೇಲೆ ಪ್ರಿಂಟ್ ಕೊಡು ಅಂದರು.